ಮಿಡ್‌ಮೋರ್‌ನ ಎರಡು ಬೇಸಿಗೆಗಳು

"ಎಡಗಡೆ ಎತ್ರೋ, ಜಾರ್ತಾ ಇದೆ," ಎಂದು ನೆವಿಲ್ ಕಾಪಿಂಗ್ ಹಲ್ಲು ಕಚ್ಚಿಕೊಂಡೇ ಹೇಳಿದ. ಚರ್ಚಿನ ಗೇಟಿನ ಮೆಟ್ಟಿಲಲ್ಲಿ ಶವಪೆಟ್ಟಿಗೆ ಒಂದು ಕಡೆ ವಾಲಿತ್ತು. ಹೊತ್ತ ಆರೂ ಜನ ಒಂದು ಕಾಲಕ್ಕೆ ಕ್ಲೈವ್ ಗ್ಯಾರೊಡ್‌ನ ಜೊತೆ ಫೆನ್‌ಶೈರ್ ಕೌಂಟಿಯ ಕ್ರಿಕೆಟ್ ತಂಡಕ್ಕೆ ಆಡಿದವರು. ಈಗ ಒಬ್ಬನಿಗೆ ಮಂಡಿ ಬದಲಾಗಿತ್ತು, ಇನ್ನೊಬ್ಬನಿಗೆ ಸೊಂಟ.

"ಸುಮ್ನಿರಪ್ಪ ಕ್ಯಾಪ್ಟನ್ನು. ಆವತ್ತು ಪಬ್ಬಿಂದ ಇವನನ್ನ ಹೊತ್ಕೊಂಡು ಬಂದಾಗ ಇಷ್ಟು ಭಾರ ಇರ್ಲಿಲ್ಲ," ಎಂದ ಹಿಂದಿನವನು.

"ಆವತ್ತು ನೀನೂ ಕುಡಿದಿದ್ದೆ, ಅದಕ್ಕೇ."

ಪೆಟ್ಟಿಗೆಯ ಹಿಂದೆ ನಡೆಯುತ್ತಿದ್ದ ಕ್ಲೈವ್‌ನ ಹೆಂಡತಿ ಲೊರೇನ್‌ಗೆ ಈ ಮಾತು ಕೇಳಿಸಿತು. ಕ್ಲೈವ್ ಇದ್ದಿದ್ದರೆ ನಗುತ್ತಿದ್ದ. ದಾರಿಯ ಎರಡೂ ಕಡೆ ಫೆನ್‌ಶೈರ್‌ನ ಹೆಣ್ಣುಮಕ್ಕಳ ತಂಡ ಬ್ಯಾಟುಗಳನ್ನು ಮೇಲಕ್ಕೆತ್ತಿ ಕಮಾನಿನಂತೆ ಹಿಡಿದು ನಿಂತಿತ್ತು. ಆ ತಂಡದ ಮುಖ್ಯ ಬೌಲರ್ ಅವಳ ಮಗಳು ಜೋಸಿ. ಇವತ್ತು ಮಾತ್ರ ಜೋಸಿ ಸಾಲಿನಲ್ಲಿ ನಿಲ್ಲದೆ ಅಮ್ಮನ ತೋಳು ಹಿಡಿದುಕೊಂಡು ನಡೆಯುತ್ತಿದ್ದಳು. ಇಪ್ಪತ್ತರ ಹುಡುಗಿ, ಅಪ್ಪನಂಥದೇ ಅಗಲ ಭುಜ, ಅಪ್ಪನಂಥದೇ ದೊಡ್ಡ ಪಾದ.

ಒಳಗೆ ಹೋಗಿ ಕೂರುವಾಗ ಲೊರೇನ್ ಒಮ್ಮೆ ಹಿಂದಿರುಗಿ ನೋಡಿದಳು. ಕೊನೆಯ ಬೆಂಚಿನ ತುದಿಯಲ್ಲಿ ಬೆಲೆಬಾಳುವ ಕೋಟಿನ ಒಬ್ಬ ಗಂಡಸು ತಲೆ ತಗ್ಗಿಸಿ ಕುಳಿತಿದ್ದ. ಮಿಡ್‌ಮೋರ್ ಕೌಂಟಿಯ ಸ್ಟಾಕ್‌ವೆಲ್. ಆಟಗಾರರನ್ನು ಹುಡುಕಿ ತರುವುದೇ ಅವನ ಕೆಲಸ. ಬೇಸಿಗೆಯಿಡೀ ಜೋಸಿಗಾಗಿ ಮನೆಗೆ ಫೋನ್ ಮಾಡುತ್ತಿದ್ದವನು ಅವನೇ. ಪ್ರತಿ ಸಲವೂ ಲೊರೇನ್ ಅವಳು ಮನೆಯಲ್ಲಿಲ್ಲ ಎಂದು ಹೇಳಿ ಇಟ್ಟುಬಿಡುತ್ತಿದ್ದಳು. ಅವನ ಮುಖವನ್ನು ಪೇಪರಿನಲ್ಲಿ ನೋಡಿ ಗುರುತಿಟ್ಟುಕೊಂಡಿದ್ದಳು.

ಹೆಣ ಮಣ್ಣಾಗುವ ಮೊದಲೇ ಬಂದಿದ್ದಾನೆ, ಎಂದುಕೊಂಡಳು. ಇದು ಸೆಪ್ಟೆಂಬರಿನ ಕೊನೆಯ ವಾರ. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂದು ಕೌಂಟಿಗಳು ತೀರ್ಮಾನಿಸುವ ವಾರ. ಪಾದ್ರಿ ಕ್ಲೈವ್‌ನ ಒಳ್ಳೆಯತನದ ಬಗ್ಗೆ ಮಾತಾಡುತ್ತಿದ್ದಾಗ ಅವಳ ತಲೆಯಲ್ಲಿ ಒಂದೇ ಒಂದು ಯೋಚನೆಯಿತ್ತು. ಗಂಡನನ್ನು ತಿಂದ ಜಾಗಕ್ಕೆ ಮಗಳನ್ನು ಕಳಿಸಬಾರದು. ಇವತ್ತು ಸಂಜೆಯೊಳಗೆ ಹೇಗಾದರೂ ತಡೆಯಬೇಕು.

*

ಮೂವತ್ತು ವರ್ಷದ ಹಿಂದೆ ಕ್ಲೈವ್‌ಗೆ ಮೂವತ್ತೊಂದು. ಕಾಯಂ ಆಟಗಾರನೆಂದು ಫೆನ್‌ಶೈರ್‌ನ ಕ್ಯಾಪು ಸಿಕ್ಕಿ ಒಂಬತ್ತು ವರ್ಷವಾಗಿತ್ತು. ಹತ್ತು ತುಂಬಿದವನಿಗೆ ಕೌಂಟಿಯವರು ಒಂದು ವರ್ಷ 'ಬೆನಿಫಿಟ್' ಎಂದು ಕೊಡುತ್ತಿದ್ದರು. ಆ ವರ್ಷ ಅವನ ಹೆಸರಲ್ಲಿ ಊಟ ಏರ್ಪಡಿಸಿ, ಮೈದಾನದಲ್ಲಿ ಬಕೆಟ್ ಹಿಡಿದು ಸುತ್ತಿ, ಕೂಡಿದ ದುಡ್ಡನ್ನೆಲ್ಲ ಅವನ ಕೈಗೇ ಕೊಡುವುದು. ಕಡಿಮೆ ಸಂಬಳದಲ್ಲಿ ವರ್ಷಗಟ್ಟಲೆ ದುಡಿದವರು ಅದನ್ನೇ ನಂಬಿಕೊಂಡು ಇರುತ್ತಿದ್ದರು.

ಒಂದೇ ವರ್ಷ ಉಳಿದಿದ್ದಾಗ ಮಿಡ್‌ಮೋರ್‌ನವರು ಬಂದು ಎರಡರಷ್ಟು ಸಂಬಳ ಹೇಳಿದರು. ಕ್ಲೈವ್ ಹೋದ. "ದನದ ಸಂತೇಲಿ ಮಾರಿಕೊಂಡ," ಎಂದು ನೆವಿಲ್ ಎಲ್ಲರೆದುರು ಅಂದ. ಮುಂದೆ ಮೂವತ್ತು ವರ್ಷ ಅವರಿಬ್ಬರೂ ಎದುರು ಸಿಕ್ಕರೆ ಹವಾಮಾನದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಮಿಡ್‌ಮೋರ್‌ನಲ್ಲಿ ಆಡಿದ್ದು ಎರಡು ಬೇಸಿಗೆ. ಎರಡನೆಯದರ ನಡುವೆ ಅವರು ಇನ್ನಷ್ಟು ದುಡ್ಡು ಸುರಿದು ಕ್ಲೈವ್‌ನ ಜಾಗಕ್ಕೆ ಹೊರದೇಶದಿಂದ ಒಬ್ಬ ವೇಗದ ಬೌಲರನ್ನು ತಂದರು. ಕ್ಲೈವ್ ಎರಡನೇ ತಂಡಕ್ಕೆ ಜಾರಿದ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅವನು ಬಾತ್‌ಟಬ್ಬಿನ ಬಿಸಿನೀರಲ್ಲಿ ಊದಿದ ಕಾಲನ್ನು ಇಳಿಬಿಟ್ಟು ಕೂತಿದ್ದಾಗ ಹಜಾರದ ಫೋನ್ ಹೊಡೆದುಕೊಂಡಿತು. ಲೊರೇನ್ ಎತ್ತಿದಳು. ಆ ಕಡೆ ಮಾತಾಡಿದ ಮಿಡ್‌ಮೋರ್‌ನವನಿಗೆ ಅವಸರ. ಕರೆಯುತ್ತೇನೆ ಎಂದರೂ ಕಾಯಲಿಲ್ಲ. "ಸೋಮವಾರದಿಂದ ಬರೋದು ಬೇಡ ಅಂತ ಹೇಳಿಬಿಡಿಯಮ್ಮ. ನಮಗೆ ತುಂಬಾ ಬೇಜಾರಿದೆ," ಎಂದು ಇಟ್ಟುಬಿಟ್ಟ.

ಲೊರೇನ್ ಮುಚ್ಚಿದ ಬಾಗಿಲ ಮುಂದೆ ಎಷ್ಟೋ ಹೊತ್ತು ನಿಂತಿದ್ದಳು. ಒಳಗೆ ಅವನು ಏನೋ ಗುನುಗುತ್ತಿದ್ದ. ಕೊನೆಗೆ ಬಾಗಿಲಿಗೇ ಹೇಳಿದಳು. ಗುನುಗು ನಿಂತಿತು. ಆಮೇಲೆ ನಲ್ಲಿ ತಿರುಗಿಸಿದ ಸದ್ದು, ನೀರು ಧೋ ಎಂದು ಬೀಳುವ ಸದ್ದು. ಟಬ್ಬು ತುಂಬಿ ನೀರು ಬಾಗಿಲ ಸಂದಿಯಿಂದ ಹೊರಗೆ ಹರಿದು ಅವಳ ಚಪ್ಪಲಿ ನೆನೆಯುವವರೆಗೂ ಅವನು ನಲ್ಲಿ ನಿಲ್ಲಿಸಲಿಲ್ಲ.

ಆಮೇಲೆ ಅವನು ಅಂಚೆ ಹಂಚುವ ಕೆಲಸಕ್ಕೆ ಸೇರಿದ, ನಿವೃತ್ತನಾದ. ಮಿಡ್‌ಮೋರ್‌ನ ಹೆಸರು ಆ ಮನೆಯಲ್ಲಿ ಮತ್ತೆ ಕೇಳಿಬರಲಿಲ್ಲ. ಅವನು ಎತ್ತದಿದ್ದರೆ ತಾನೂ ಎತ್ತಬಾರದು ಎಂದು ಲೊರೇನ್ ನಾಲಿಗೆ ಕಟ್ಟಿಕೊಂಡಳು. ಅವನು ಆ ತಪ್ಪಿಗಾಗಿ ಒಳಗೊಳಗೇ ಬೇಯುತ್ತಿದ್ದಾನೆ ಎಂಬುದರಲ್ಲಿ ಅವಳಿಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ಅವನ ಜೊತೆ ತಾನೂ ಬೆಂದಳು. ಅದನ್ನೇ ದಾಂಪತ್ಯ ಎಂದುಕೊಂಡಿದ್ದಳು.

*

ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಫೆನ್‌ಶೈರ್ ಮೈದಾನದ ಪೆವಿಲಿಯನ್ನಿನಲ್ಲಿ ಸೇರಿದರು. ಚಹಾ, ಹ್ಯಾಮ್ ಸ್ಯಾಂಡ್‌ವಿಚ್, ಸಾಸೇಜ್ ರೋಲು. ಲೊರೇನ್‌ಳ ತಂಗಿ ಬೆವ್ ತಟ್ಟೆ ಹಿಡಿದು ಬೆನ್ನು ಹತ್ತಿದಳು.

"ಬೆಳಿಗ್ಗೆಯಿಂದ ಬರೀ ಹೊಟ್ಟೇಲಿದೀಯ. ಒಂದು ತುಂಡಾದ್ರೂ ಬಾಯಿಗೆ ಹಾಕ್ಕೊಳ್ಳೇ."

"ಆಮೇಲೆ ಬೆವ್. ನೆವಿಲ್ ಎಲ್ಲಿ?"

"ಬಾರ್ ಹತ್ರ, ಇನ್ನೆಲ್ಲಿರ್ತಾನೆ? ಯಾಕೆ, ಬಯ್ಯೋಕಾ? ತಾಳು, ನಾನೂ ಬರ್ತೀನಿ."

"ಬಯ್ಯೋಕಲ್ಲ. ನೀನು ಬರಬೇಡ."

ನೆವಿಲ್ ಈಗ ಫೆನ್‌ಶೈರ್‌ನ ಕ್ರಿಕೆಟ್ ಸಮಿತಿಯ ಅಧ್ಯಕ್ಷ. ಲೊರೇನ್ ಅವನನ್ನು ಕಿಟಕಿಯ ಮೂಲೆಗೆ ಕರೆದಳು. ಮೂವತ್ತು ವರ್ಷದಿಂದ ಅವನಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತುಗಳು ಬೇರೆಯೇ ಇದ್ದವು.

"ನೆವಿಲ್, ಜೋಸಿಗೆ ಸಂಬಳ ಕೊಟ್ಟು ಇಟ್ಕೊಳ್ಳಿ."

"ಲೊರೇನ್, ಇವತ್ತು ಈ ಮಾತು..."

"ಇವತ್ತೇ. ಆ ಮನುಷ್ಯ ಇಲ್ಲೇ ಕೂತು ಚಹಾ ಕುಡೀತಿದಾನೆ. ಅವರು ಕೊಡೋದ್ರಲ್ಲಿ ಅರ್ಧ ಕೊಡಿ. ಕಾಲು ಭಾಗ ಕೊಡಿ. ಉಳಿದಿದ್ದು ನಾನು ದುಡೀತೀನಿ. ಮನೆ ಇದೆ ನನಗೆ, ಮಾರ್ತೀನಿ. ಅವಳಿಗೆ ಗೊತ್ತಾಗದ ಹಾಗೆ ನಾನು ನಿಮ್ಮ ಕೈಗೆ ಕೊಡ್ತೀನಿ, ನೀವು ಸಂಬಳ ಅಂತ ಅವಳ ಕೈಗೆ ಹಾಕಿ."

ನೆವಿಲ್ ಕಪ್ಪಿನೊಳಗೆ ನೋಡಿದ. "ಹುಡುಗಿಯರ ಆಟಕ್ಕೆ ಬರೋ ದುಡ್ಡೆಲ್ಲ ದೊಡ್ಡ ಕೌಂಟಿಗಳ ಪಾಲಾಗಿದೆ. ನಮಗೆ ಬರೋದು ಚಹಾದ ಖರ್ಚಿಗೂ ಸಾಲಲ್ಲ. ಈ ವರ್ಷ ಆಗಲೇ ಇಬ್ಬರು ಹೋದ್ರು. ಇವಳೂ ಹೋದ್ರೆ ತಂಡಾನೇ ಮುಚ್ಚಬೇಕು. ನನಗೇನು ಇಷ್ಟಾನಾ?"

"ನಿಮ್ಮ ಕಾಲಿಗೆ ಬೀಳ್ತೀನಿ ನೆವಿಲ್."

"ಅಯ್ಯೋ, ಸುಮ್ನಿರಮ್ಮ, ಜನ ನೋಡ್ತಿದಾರೆ."

ಜನ ನೋಡುತ್ತಲೇ ಇದ್ದರು. ಲೊರೇನ್‌ಗೆ ಅದರ ಪರಿವೆಯಿರಲಿಲ್ಲ. ಅವನ ಕೋಟಿನ ತೋಳನ್ನು ಹಿಡಿದ ಕೈ ಬಿಡಿಸಿಕೊಳ್ಳುವುದು ಅವಳಿಗೇ ಆಗಲಿಲ್ಲ. ಅಷ್ಟರಲ್ಲಿ ಸ್ಟಾಕ್‌ವೆಲ್ ಚಹಾದ ಕಪ್ಪು ಹಿಡಿದು ಅವರ ಬಳಿಗೇ ಬಂದ.

"ಮಿಸೆಸ್ ಗ್ಯಾರೊಡ್, ನನ್ನ ಸಂತಾಪ. ನಿಮ್ಮ ಯಜಮಾನರನ್ನ ಭೇಟಿ ಮಾಡಿದ್ದು ನನ್ನ ಪುಣ್ಯ. ಹೋದ ತಿಂಗಳು ಜೋಸಿ ಜೊತೆ ಸಹಿಗೆ ಬಂದಾಗ ಎಷ್ಟು ತಮಾಷೆ ಮಾಡಿದ್ರು. ಅವಳನ್ನ ನಾವು ಚೆನ್ನಾಗಿ ನೋಡ್ಕೋತೀವಿ. ಆ ಬಗ್ಗೆ ನೀವು ಚಿಂತೆ ಮಾಡಬೇಡಿ."

ಮನೆಯವರಿಗೆಲ್ಲ ತಿಳಿದ ಸಂಗತಿ ಎಂದೇ ಅವನು ಹೇಳಿದ್ದ. ಲೊರೇನ್‌ಳ ಮುಖ ನೋಡಿ ಅವನ ಮುಖ ಬಣ್ಣಗೆಟ್ಟಿತು. ನೆವಿಲ್ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. "ಅಪ್ಪನ ಮಗಳು," ಎಂದಷ್ಟೇ ಹೇಳಿ, ಹೆಣ್ಣುಮಕ್ಕಳ ತಂಡ ಗುಂಪಾಗಿ ನಿಂತಿದ್ದ ಕಡೆಗೆ ನಡೆದ.

*

ಜೋಸಿ ಪೆವಿಲಿಯನ್ನಿನ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದಳು. ಅಮ್ಮನ ಮುಖ ನೋಡಿದವಳೇ ಎದ್ದು ನಿಂತಳು.

"ಸ್ಟಾಕ್‌ವೆಲ್ ಹೇಳಿಬಿಟ್ರಾ?"

"ಹೋದ ತಿಂಗಳು ಬೆವ್ ಮನೆಗೆ ಹೋಗ್ತೀವಿ ಅಂತ ಇಬ್ಬರೂ ರೈಲು ಹತ್ತಿದ್ರಲ್ಲ. ಆವತ್ತೇನಾ?"

"ಹ್ಞೂಂ."

"ನೀನು ಅಪ್ಪನನ್ನ ಬಲವಂತ ಮಾಡಿ ಎಳ್ಕೊಂಡು ಹೋದೆ."

"ಇಲ್ಲಮ್ಮ. ನಾನು ಬೇಡ ಅಂದಿದ್ದೆ. ಅಪ್ಪಾನೇ ಫೋನ್ ಮಾಡಿ, ಟಿಕೆಟ್ ತೆಗೆಸಿ, ಕರ್ಕೊಂಡು ಹೋದದ್ದು. ಸೀಸನ್ ಮುಗಿದ ಮೇಲೆ ಅಮ್ಮನಿಗೆ ನಾನೇ ಹೇಳ್ತೀನಿ ಅಂದ್ರು." ಜೋಸಿ ಅಂಗೈಯಿಂದ ಮೂಗೊರೆಸಿಕೊಂಡಳು. "ಅಷ್ಟರೊಳಗೆ..."

"ಸುಳ್ಳು. ಅವರು ಕಳಿಸೋರಲ್ಲ. ಆ ಜಾಗದಲ್ಲಿ ಅವರಿಗೇನಾಯ್ತು ಅಂತ ನಿನಗೆ ಗೊತ್ತಿಲ್ಲ."

"ಗೊತ್ತು. ರೈಲಲ್ಲಿ ಎಲ್ಲ ಹೇಳಿದ್ರು. ಫೋನ್ ಬಂದಿದ್ದು, ನೀನು ಬಾಗಿಲ ಆಚೆ ನಿಂತು ಹೇಳಿದ್ದು. ಸಹಿ ಮಾಡೋಕೆ ಮುಂಚೆ ಆ ಮನುಷ್ಯನ್ನ ಒಂದೇ ಒಂದು ಕೇಳಿದ್ರು. ಇವಳನ್ನ ತೆಗೀಬೇಕಾದ ದಿನ ಎದುರಿಗೆ ಕೂರಿಸಿಕೊಂಡು ಹೇಳ್ತೀರೋ, ಇವಳ ಅಮ್ಮನ ಕೈಲಿ ಹೇಳಿಸ್ತೀರೋ ಅಂತ. ಅವರು ಖಂಡಿತ ಎದುರಿಗೇ ಅಂದ್ರು. ಅಪ್ಪ ನಕ್ಕರು."

ಲೊರೇನ್ ಮೆಟ್ಟಿಲ ಕಂಬಿ ಹಿಡಿದುಕೊಂಡಳು. "ಹಾಗಾದ್ರೆ ಯಾಕೆ? ಎಲ್ಲ ಗೊತ್ತಿದ್ದೂ ಯಾಕೆ?"

ಜೋಸಿ ಮೈದಾನದ ಕಡೆ ತಿರುಗಿದಳು.

"ಹೇಳೇ. ಏನಂದ್ರು?"

"ಬೇಡಮ್ಮ."

"ಹೇಳು."

"ಆ ಎರಡು ಬೇಸಿಗೆ ಇದ್ದವಲ್ಲ, ಅಷ್ಟು ಸುಖವಾಗಿ ತಾನು ಯಾವತ್ತೂ ಇರಲಿಲ್ಲ ಅಂದ್ರು. ಆ ಪಿಚ್ಚು, ತುಂಬಿದ ಮೈದಾನ, ದೊಡ್ಡ ದೊಡ್ಡವರಿಗೆ ಬಾಲ್ ಹಾಕಿದ್ದು. ದುಡ್ಡಿಗೆ ಕರೆದ್ರು, ದುಡ್ಡಿಗೇ ಕಳಿಸಿದ್ರು, ಅದು ಇರೋದೇ. ಮತ್ತೆ ಕರೆದಿದ್ರೆ ಮತ್ತೆ ಹೋಗ್ತಿದ್ದೆ ಅಂದ್ರು. ಅಮ್ಮನಿಗೆ ಇದನ್ನ ಯಾವತ್ತೂ ಹೇಳೋಕಾಗ್ಲಿಲ್ಲ, ಅವಳು ನನಗೋಸ್ಕರ ಅಷ್ಟು ನೊಂದಿದ್ದಾಳೆ ಅಂದ್ರು."

ಮೈದಾನದಲ್ಲಿ ಯಾರೋ ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿದರು. ಲೊರೇನ್ ಮಗಳ ಮುಖವನ್ನೇ ನೋಡಿದಳು. ಮೂವತ್ತು ವರ್ಷ ಊಟದ ಮೇಜಿನ ಆ ಕಡೆ ಕೂತು, ಬೆಣ್ಣೆ ಕೊಡು, ಉಪ್ಪು ಕೊಡು ಎನ್ನುತ್ತಿದ್ದ ಮನುಷ್ಯ ಯಾರು? ಅವನ ಮೌನವನ್ನು ಅವಳು ತನಗೆ ತೋಚಿದ್ದರಿಂದ ತುಂಬಿಕೊಂಡಿದ್ದಳು. ಕೇಳೋಣವೆಂದರೆ ಮಣ್ಣು ಮುಚ್ಚಿ ಆಗಿತ್ತು. ಅವಳಿಗೆ ಕಿರುಚಬೇಕೆನಿಸಿತು. ಕಿರುಚಿದರೆ ಬರುವ ದನಿ ತನ್ನದಾಗಿರುತ್ತದೆಯೋ ಇಲ್ಲವೋ ಎಂದು ಭಯವಾಯಿತು.

ಡ್ರೆಸಿಂಗ್ ರೂಮಿನ ಬಾಗಿಲು ತೆರೆಯಿತು. ತಂಡದ ವಿಕೆಟ್ ಕೀಪರ್ ಮ್ಯಾಡಿ ಮತ್ತು ಇನ್ನೊಬ್ಬ ಹುಡುಗಿ ಜೋಸಿಯ ಕಿಟ್‌ಬ್ಯಾಗನ್ನು ಎರಡು ಕಡೆ ಹಿಡಿದುಕೊಂಡು ಬಂದರು. ತಂದು ಜಲ್ಲಿಯ ಮೇಲೆ ನಿಲ್ಲಿಸಿದರು. ಮ್ಯಾಡಿಯ ಕಣ್ಣಿನ ಕಾಡಿಗೆ ಕೆನ್ನೆಗಿಳಿದಿತ್ತು.

"ಈ ಬ್ಯಾಗು ನಮ್ಮ ರೂಮಲ್ಲಿ ಇರೋದು ಬೇಡ ಅಂತ ನೆವಿಲ್ ಹೇಳಿದ್ರು," ಎಂದಳು. ಆಮೇಲೆ, ಜೋಸಿಯ ಕಡೆ ತಿರುಗಿ, "ನಮಗಾದ್ರೂ ಒಂದು ಮಾತು ಹೇಳಬಹುದಿತ್ತಲ್ಲೇ. ನಾನು ಬೆಳಿಗ್ಗೆ ಅಂಗಡಿ, ಸಂಜೆ ಪ್ರಾಕ್ಟೀಸು ಅಂತ ಸಾಯ್ತಿರೋದು ಯಾರ ಜೊತೆ ಆಡೋಕೆ?"

ಹುಡುಗಿಯರು ಒಳಗೆ ಹೋದರು. ಕಿಟಕಿಗಳ ಹಿಂದೆ ಚಹಾದ ಕಪ್ಪು ಹಿಡಿದ ಜನ ನಿಂತಿದ್ದರು.

"ಬಿಡಮ್ಮ, ಅಲ್ಲೇ ಇರ್ಲಿ. ನಾಳೆ ಬಂದು ತಗೋತೀನಿ."

ಲೊರೇನ್ ಆಗಲೇ ಬ್ಯಾಗಿನ ಹಿಡಿಗೆ ಕೈ ಹಾಕಿದ್ದಳು. ಚಕ್ರಗಳು ಜಲ್ಲಿಯಲ್ಲಿ ಹೂತುಹೋಗುತ್ತಿದ್ದವು. ಎತ್ತರದ ಹಿಮ್ಮಡಿಯ ಕಪ್ಪು ಶೂಗಳಲ್ಲಿ ಎರಡು ಸಲ ಮುಗ್ಗರಿಸಿದಳು. ಮೂರನೇ ಸಲ ಶೂಗಳನ್ನು ಕಳಚಿ ಅಲ್ಲೇ ಬಿಟ್ಟು, ಕಾಲುಚೀಲದಲ್ಲೇ ಎಳೆದಳು. ಜೋಸಿ ಓಡಿ ಬಂದು ಇನ್ನೊಂದು ತುದಿಯನ್ನು ಎತ್ತಿದಳು.

ಕಾರಿನ ಡಿಕ್ಕಿಯಲ್ಲಿ, ಹಿಂದಿನ ಸೀಟಿನಲ್ಲಿ ಸಮಾಧಿಯಿಂದ ಉಳಿದು ಬಂದ ಪುಷ್ಪಚಕ್ರಗಳು ತುಂಬಿದ್ದವು. ಜೋಸಿ ಹಿಂದಿನ ಸೀಟಿನಲ್ಲಿ ಅವುಗಳ ನಡುವೆ ಮೊಣಕಾಲು ಮಡಿಸಿ ಕುಳಿತಳು. ಉಳಿದದ್ದು ಮುಂದಿನ ಎಡಸೀಟು ಮಾತ್ರ. ಎದೆನೋವು ಶುರುವಾಗಿ ಕಾರು ಓಡಿಸುವುದನ್ನು ಬಿಟ್ಟ ಮೇಲೆ ಕ್ಲೈವ್ ಕೂರುತ್ತಿದ್ದ ಜಾಗ. ಲೊರೇನ್ ಬ್ಯಾಗನ್ನು ಅಲ್ಲಿ ನೆಟ್ಟಗೆ ನಿಲ್ಲಿಸಿ, ಸುತ್ತಿಕೊಂಡು ಬಂದು ಕಾರು ಶುರುಮಾಡಿದಳು. ಸೀಟಿನಲ್ಲಿ ಯಾರೋ ಕೂತಿದ್ದಾರೆಂದು ತಿಳಿದ ಕಾರು ಕುಂಯ್ ಕುಂಯ್ ಎಂದು ಕೂಗತೊಡಗಿತು. ಅವಳು ಬಗ್ಗಿ, ಬೆಲ್ಟನ್ನು ಬ್ಯಾಗಿನ ಮೇಲೆ ಎಳೆದು ಸಿಕ್ಕಿಸಿದಳು. ಕೂಗು ನಿಂತಿತು.

ಗೇಟಿನಿಂದ ಎಡಕ್ಕೆ ತಿರುಗುವಾಗ ಬ್ಯಾಗು ಮೆಲ್ಲಗೆ ಇತ್ತ ವಾಲಿ ಅವಳ ಭುಜಕ್ಕೆ ಒರಗಿತು. ಅವಳು ಅದನ್ನು ದಬ್ಬಲಿಲ್ಲ.