ಗೋಡೆಯ ಹಿಂದಿನ ಪ್ರಯಾಣಿಕರು

"ಹತ್ತಬ್ಯಾಡ್ರೇ ಜಿಪ್ಸಿ ಮುಂಡೇರಾ! ನಿಮ್ ನಾತ ಹೋಗ್ಬೇಕಂದ್ರೆ ಬಸ್ಸನ್ನೇ ಸುಡ್ಬೇಕು!" ಎಂದು ಡ್ರೈವರ್ ಸ್ತೊಯ್ಚೊ ಅರಚುವಷ್ಟರಲ್ಲಿ ಸೆವ್ದಾ ಮೆಟ್ಟಿಲೇರಿಯಾಗಿತ್ತು.

"ನಿಮ್ಮಪ್ಪನ್ ಮನೆ ಬಸ್ಸೇನ್ಲಾ ಬೋಳಿಮಗನೆ? ಟಿಕೇಟು ಹರಿ."

ಜಿಪ್ಸಿ ಮೊಹಲ್ಲಾದ ಕಪ್ಪು ಮುಖ ಕಂಡರೆ ಯಾವ ಡ್ರೈವರೂ ನಿಲ್ಲಿಸುತ್ತಿರಲಿಲ್ಲ. ಅದಕ್ಕೇ ಸೆವ್ದಾಳ ಬೆಳ್ಳಗಿನ ಸೊಸೆ ಗ್ಯುಲ್ಫಿಯೆಗೆ ಗುರುತು ಸಿಗದಂತೆ ದಿನಕ್ಕೊಂದು ಟೋಪಿ ತೊಡಿಸಿ ಸ್ಟಾಪಿನಲ್ಲಿ ಒಂಟಿಯಾಗಿ ನಿಲ್ಲಿಸಿ, ಮಿಕ್ಕ ಹೆಂಗಸರು ಹಾಳು ಕಾರ್ಖಾನೆಯ ಗೋಡೆಯ ಹಿಂದೆ ಕೂರುತ್ತಿದ್ದರು. ಬಾಗಿಲು ತೆರೆದದ್ದೇ ತಡ, ಪೊರಕೆ ಸಮೇತ ನುಗ್ಗುತ್ತಿದ್ದರು. ಪಟ್ಟಣದ ಬೀದಿ ಗುಡಿಸಲು ಇವರೇ ಬೇಕು, ಬಸ್ಸಿಗೆ ಮಾತ್ರ ಬೇಡ. ಬಸ್ಸು ತಪ್ಪಿದರೆ ಉಳಿದದ್ದು ರೈಲು ಹಳಿಯ ದಾರಿ. ಸೆವ್ದಾಳ ಗಂಡ ಅಸೆನ್ ಕಳೆದ ಚಳಿಗಾಲದಲ್ಲಿ ಅಲ್ಲೇ ಮಂಜಿನಲ್ಲಿ ರೈಲಿಗೆ ಸಿಕ್ಕಿ ಸತ್ತದ್ದು. ಗ್ಯುಲ್ಫಿಯೆ ಈಗ ಏಳು ತಿಂಗಳ ಬಸುರಿ.

ಒಂದು ಬೆಳಿಗ್ಗೆ ಸ್ಟಾಪಿನಲ್ಲಿ ಹಳದಿ ಜಾಕೀಟಿನವರು ಕ್ಯಾಮೆರಾ ಹೂಡಿ ನಿಂತಿದ್ದರು.

"ಚೆಕಿಂಗ್‌ನೋರು ಕಣ್ರೇ! ಟಿಕೇಟಿದ್ರೂ ದಂಡ ಜಡೀತಾರೆ. ಯಾರೂ ಆಚೆ ಬರ್ಬ್ಯಾಡಿ!" ಸೆವ್ದಾಳೇ ಎಲ್ಲರನ್ನೂ ತಡೆದಳು, ಸೊಸೆಯನ್ನೂ ಒಳಗೆಳೆದುಕೊಂಡಳು. ಆ ವಾರವೆಲ್ಲ ಗೋಡೆಯ ಹಿಂದಿನಿಂದ ಇಣುಕಿ, ಅವರಿನ್ನೂ ಇರುವುದು ಕಂಡು, ರೈಲಿಗೆ ಹೆದರಿ ಹಿಂದೆ ತಿರುಗಿ ತಿರುಗಿ ನೋಡುತ್ತ ಹಳಿಯ ಮೇಲೆ ನಡೆದರು.

ಬಂದವರು ಚೆಕಿಂಗಿನವರಲ್ಲ. ಜನ ಹೇಗೆ ಓಡಾಡುತ್ತಾರೆಂದು ತಿಳಿಯಲು ರಾಜಧಾನಿ ಸೋಫಿಯಾದಿಂದ ಬಂದ ಸಾರಿಗೆ ಯೋಜನೆಯವರು. ತಿಂಗಳ ಬಳಿಕ ಅವರಲ್ಲೊಬ್ಬಳು, ಬೋರ್ಯಾನಾ ಎಂಬ ಇಂಜಿನಿಯರು, ಸ್ಟಾಪಿನ ಕಂಬ ಕೀಳಿಸಲು ನಿಂತಳು.

"ಇಲ್ಲಿಂದ ಯಾರೂ ಹತ್ತೋದೇ ಇಲ್ವಲ್ಲಮ್ಮ. ವಾರ ಪೂರ್ತಿ ನೋಡಿದ್ವಿ. ನಾಳೆಯಿಂದ ಬಸ್ಸು ಇಲ್ಲಿ ನಿಲ್ಲಲ್ಲ. ಸುಮ್ನೆ ನಿಂತು ಹೊಗೆ ಉಗುಳೋದು ಪರಿಸರಕ್ಕೂ ಒಳ್ಳೇದಲ್ಲ."

"ನಾವು ಗೋಡೆ ಹಿಂದ್ಗಡೆ ಇದ್ವಲ್ಲವ್ವಾ!"

"ಬಸ್ಸಿಗೆ ಬರೋರು ಗೋಡೆ ಹಿಂದೆ ಯಾಕಿರ್ತಾರೆ?" ಬೋರ್ಯಾನಾ ನಕ್ಕಳು. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಅಡಗಿರೆಂದ ತನ್ನ ಬಾಯಿಗೆ ಹುಳ ಬೀಳಲಿ ಎಂದು ಸೆವ್ದಾ ತನ್ನನ್ನೇ ಶಪಿಸಿಕೊಂಡಳು.

ಮರುದಿನ ದಟ್ಟವಾದ ಮಂಜು. ಹಳಿಯ ಕಡೆಯಿಂದ ರೈಲು ಕೂಗಿತು.

"ಅತ್ತೆ, ಹಳಿ ದಾರೀಲೇ ಹೋಗಾನಾ?" ಗ್ಯುಲ್ಫಿಯೆ ಹೊಟ್ಟೆ ಹಿಡಿದುಕೊಂಡು ಕೇಳಿದಳು.

"ಥೂ! ನಿನ್ ಮಾವನ್ನ ನುಂಗಿದ್ದು ಸಾಲ್ದಾ? ಅಡಗಿದ್ದು ಸಾಕು, ಬರ್ರೇ. ಇವತ್ತು ಕಣ್ತುಂಬ ನೋಡ್ಕೊಳ್ಲಿ ಮುಂಡೇವು."

ಹೆಂಗಸರೆಲ್ಲ ಗೋಡೆಯ ಹಿಂದಿನಿಂದ ಬಂದು ರಸ್ತೆಗೆ ಅಡ್ಡಲಾಗಿ ನಿಂತರು. ಮುಂದೆ ಬಂದ ಸೊಸೆಯನ್ನು ಸೆವ್ದಾ ಬೆನ್ನ ಹಿಂದಕ್ಕೆ ತಳ್ಳಿದಳು. ಮಂಜಿನಲ್ಲಿ ಎರಡು ದೀಪ ಮೂಡಿದವು. ಸ್ತೊಯ್ಚೊ ಹಾರನ್ ಒತ್ತಿದ, ಒತ್ತಿದವನು ಕೈ ತೆಗೆಯಲಿಲ್ಲ.

ಸೆವ್ದಾ ಪೊರಕೆಯನ್ನು ನೆಲಕ್ಕೆ ಊರಿದಳು. ಯಾರೂ ಕದಲಲಿಲ್ಲ. ಬಸ್ಸಿನ ವೇಗವೂ ಇಳಿಯಲಿಲ್ಲ.