ಜೋಹರಾ ಚಾಚಿಗೆ ಟ್ಯಾಬ್ ಬೇಕಂತೆ!

"ಏ ನೇತ್ರಾ, ಕೇಳಿಲ್ಲಿ! ನಮ್ಮ ಅಮ್ಮಿ ಟ್ಯಾಬ್ ತಗೋತಾಳಂತ! ನಾ ಅಲ್ಲ, ಅಮ್ಮಿ!"

ಖುಶನುಮಾ ಬಾಗಿಲಲ್ಲೇ ನಿಂತು ಕೂಗಿದಳು. ನನ್ನ ಬಾಯಲ್ಲಿದ್ದ ಚುರುಮುರಿ ಬಾಯಲ್ಲೇ ಉಳಿಯಿತು. ಅವಳ ತಾಯಿ ಜೋಹರಾ ಚಾಚಿ ನಮ್ಮ ಪಕ್ಕದ ಮನೆಯವರು, ಇಳಕಲ್ ಸೀರೆ ನೇಯುತ್ತಾರೆ. ಫೋನ್ ರಿಂಗಾದರೆ ಓಣಿಗೆಲ್ಲ ಕೇಳುವಂತೆ "ಯಾರೋ ಕರ್ಯಾಕತ್ತಾರ" ಅಂತಾರೆ, ಆದರೆ ತಾವು ಮುಟ್ಟುವುದಿಲ್ಲ. ಅಂಥವರಿಗೆ ಟ್ಯಾಬ್! ಇಬ್ಬರೂ ಓಡಿದೆವು.

ಚಾಚಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಕೈ ಮಾತ್ರ ಸುಮ್ಮನಿತ್ತು. ಅವರ ಗಂಡ ಅಬ್ದುಲಸಾಬ ಚಾಚಾ ನನ್ನನ್ನು ನೋಡಿ ನಕ್ಕರು.

"ಬಾರವಾ ನೇತ್ರಾ. ನಮ್ಮ ಮನ್ಯಾಗ ಆಫೀಸ್ ಸುರು ಆಗೇತಿ. ಮೇಡಮ್ಮಾರಿಗೆ ಟ್ಯಾಬ್ ಬೇಕಂತ."

"ನಗ್ರಿ, ನಗ್ರಿ," ಅಂದರು ಚಾಚಿ. "ಈ ಫೋಟೋದಾಗ ಎಳಿ ಎಣಿಸಿ ತೋರಸ್ರಿ ನೋಡೂಣು, ಗೊತ್ತಾಗ್ತೈತಿ!"

ವಿಷಯ ಇಷ್ಟು. ಇಲ್ಲಿಯವರೆಗೆ ಚಾಚಿ ನೇಯ್ದದ್ದೆಲ್ಲ ಸಾವಕಾರರ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಮೊದಲ ಸಲ ಅವರ ಹೆಸರಿಗೇ ಒಂದು ಸೀರೆಯ ಕೆಲಸ ಬಂದಿದೆ. ಬಾದಾಮಿಯ ಸಿದ್ದಲಿಂಗವ್ವನವರಿಗೆ ಬಸುರಿ ಮೊಮ್ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಸೀರೆ ಬೇಕು. ಅದಕ್ಕೆ ತಮ್ಮ ತಾಯಿಯ ಹಳೆಯ ಸೀರೆಯದೇ ದಡಿ, ಅಂದರೆ ಅಂಚು, ಇರಬೇಕು. ಆ ದಡಿಯ ಫೋಟೋವನ್ನು ಚಾಚಾನ ಫೋನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ಆಗುತ್ತದೋ ಇಲ್ಲವೋ ಎಂದು ನಾಳೆ ಸಂಜೆಯೊಳಗೆ ಹೇಳಬೇಕು. ಇಲ್ಲದಿದ್ದರೆ ಕೊಟ್ಟ ಮುಂಗಡ ವಾಪಸು ಪಡೆದು ಕೆಲಸವನ್ನು ಬೇರೆಯವರಿಗೆ ಕೊಡುತ್ತಾರೆ. ಫೋಟೋ ಹಿಗ್ಗಿಸಿದರೆ ಎಳೆಗಳೆಲ್ಲ ಕಡಲೆಹಿಟ್ಟು ಕಲಸಿಟ್ಟ ಜುಣಕದಂತೆ ಕಾಣುತ್ತಿದ್ದವು.

"ಪರದೆ ಸಣ್ಣದೈತಿ, ಅದಕ್ಕ ಕಾಣವಲ್ದು," ಅಂದರು ಚಾಚಿ. "ನಾಳೆ ಇಳಕಲ್ಲಿನ ಅಂಗಡ್ಯಾಗ ಹೊಸಾ ಟ್ಯಾಬ್ ಬರಾಕತ್ತೈತಂತ. ಇವತ್ತ ಹೆಸರು ಬರಸಿದ್ರ ಕವರ್ ಪುಕ್ಕಟೆ!"

"ರೇಷ್ಮಿ ತರಾಕ ಅವರು ಮುಂಗಡ ಕೊಟ್ಟಾರ. ಅದನ್ನ ಟ್ಯಾಬಿಗೆ ಹಾಕಿದ್ರ ಸೀರಿ ಏನು, ಆ ಪುಕ್ಕಟೆ ಕವರಿನಾಗ ನೇಯ್ತೀ?" ಅಂದರು ಚಾಚಾ.

"ಆಗೂದಿಲ್ಲ ಅನ್ನಾಕ ನನ್ನ ನಾಲಿಗಿ ಹೊಳ್ಳೂದಿಲ್ರಿ," ಅಂದರು ಚಾಚಿ. ದನಿ ಸಣ್ಣದಾಗಿತ್ತು.

ನನಗೆ ಥಟ್ಟನೆ ಹೊಳೆಯಿತು. ನಮ್ಮ ಪಂಚಾಯ್ತಿ ಲೈಬ್ರರಿಯಲ್ಲಿ ಟ್ಯಾಬ್ ಇದೆ! "ಚಾಚಿ, ತಗೊಳ್ಳೂಕಿಂತ ಮೊದ್ಲ ಅದರಾಗ ಒಮ್ಮೆ ನೋಡೂಣು ನಡೀರಿ."

ನಾಲ್ವರೂ ಅಲ್ಲಿಗೆ ಹೋದೆವು. ಲೈಬ್ರರಿ ನೋಡಿಕೊಳ್ಳುವ ಸುನಂದಕ್ಕ ಫೋಟೋವನ್ನು ಟ್ಯಾಬಿನಲ್ಲಿ ತೆರೆದರು. ನಮ್ಮ ನಾಲ್ಕು ತಲೆಗಳು ಒಟ್ಟಿಗೆ ಬಾಗಿದವು.

"ಯವ್ವಾ, ಜುಣಕ ಇನ್ನೂ ದೊಡ್ಡದಾತು!" ಅಂದಳು ಖುಶನುಮಾ.

ಚಾಚಾ ಹೊಟ್ಟೆ ಹಿಡಿದು ನಕ್ಕರು. ಚಾಚಿಯ ಮುಖ ಬಾಡಿತು. ಸುನಂದಕ್ಕ ಅವರ ಭುಜ ತಟ್ಟಿದರು.

"ಪರದೆ ತಪ್ಪಲ್ಲ ಜೋಹರಕ್ಕ, ಫೋಟೋದ ತಪ್ಪು. ವಾಟ್ಸಾಪಿನಾಗ ಸುಮ್ನ ಕಳಿಸಿದ್ರ ಅದು ಫೋಟೋನ ಹಿಂಡಿ ಸಣ್ಣ ಮಾಡ್ತೈತಿ. ಎಳಿ ಅಲ್ಲೇ ಅಳಿಸಿ ಹೋಗಿರ್ತಾವ. ಎಷ್ಟು ದೊಡ್ಡ ಟ್ಯಾಬ್ ತಂದ್ರೂ ಇಲ್ಲದ ಎಳಿ ಎಲ್ಲಿಂದ ಕಾಣ್ಬೇಕು?"

ಸುನಂದಕ್ಕ ಬಾದಾಮಿಗೆ ಫೋನ್ ಹಚ್ಚಿದರು. "ಅಮ್ಮಾರ, ಸೀರಿ ಬಿಸಲಾಗ ಹಾಸ್ರಿ. ದಡಿ ಬಾಜೂಕ ಒಂದು ರೂಪಾಯಿ ನಾಣ್ಯ ಇಡ್ರಿ, ಅಳತಿ ತಿಳಿತೈತಿ. ಹತ್ರದಿಂದ ಫೋಟೋ ತಗದು ಡಾಕ್ಯುಮೆಂಟ್ ಅಂತ ಕಳಸ್ರಿ."

"ಡಾಕು... ಏನವಾ ಅದು? ತಡಿ, ನಮ್ಮ ಹುಡುಗಿನ್ನ ಕರೀತೇನಿ!"

ಹತ್ತು ನಿಮಿಷದಲ್ಲಿ ಫೋಟೋ ಬಂತು. ಸುನಂದಕ್ಕ ಅದನ್ನು ಟ್ಯಾಬಿನಲ್ಲಿ ಹಾಕಲಿಲ್ಲ. ಚಾಚಾನ ಹಳೆಯ ಫೋನಿನಲ್ಲೇ ತೆರೆದು ಬೆರಳಿಂದ ಹಿಗ್ಗಿಸಿದರು. ಎಳೆ ಎಳೆ ಬಿಡಿಬಿಡಿಯಾಗಿ ಕಂಡವು! ಚಾಚಿ ಎಣಿಸತೊಡಗಿದರು. ಹನ್ನೆರಡಕ್ಕೆ ಬರುವಷ್ಟರಲ್ಲಿ ಕುರ್ಚಿಯಿಂದಲೇ ಎದ್ದುಬಿಟ್ಟರು.

"ಇದು ಗೋಮಿ ನಮೂನಿ ದಡಿ! ನಮ್ಮ ಅತ್ತಿ ನೇಯ್ತಿದ್ರು, ನಂಗ ಬರ್ತೈತಿ!"

ಸುನಂದಕ್ಕ ಮತ್ತೆ ಬಾದಾಮಿಗೆ ಫೋನ್ ಹಚ್ಚಿದ್ದೇ ತಡ, ಫೋನ್ ಮುಟ್ಟದ ನಮ್ಮ ಚಾಚಿ ಅದನ್ನು ಕಸಿದುಕೊಂಡು ತಾವೇ ಮಾತಾಡಿದರು. "ಅಮ್ಮಾರ, ನಾ ಜೋಹರಾ. ಆಗ್ತೈತ್ರಿ! ನಾನ ನೇಯ್ತೇನಿ!" ಆ ಕಡೆಯಿಂದ ಬಂದ ಸಂತೋಷದ ಕೂಗು ನಮಗೆಲ್ಲ ಕೇಳಿಸಿತು.

"ಅಂದ್ರ ಟ್ಯಾಬ್ ಬ್ಯಾಡೇ ಬ್ಯಾಡ," ಎಂದು ಚಾಚಾ ಮೀಸೆ ತಿರುವಿದರು.

"ಬ್ಯಾಡಂತ ನಾ ಅಂದಿಲ್ರಿ," ಅಂದರು ಸುನಂದಕ್ಕ. "ಜೋಹರಕ್ಕ, ಹೊಸಾ ಸೀರಿ ಕೊಳ್ಳಾವರಿಗೆ ನೀವೇನು ಹೇಳ್ತೀರಿ?"

"ಸೀರಿಗೆ ಹಾಕಿದ ಗಂಜಿ ಹೊಳಪು ನೋಡಿ ಮರುಳಾಗಬ್ಯಾಡ್ರಿ ಅಂತೇನಿ. ಒಂದು ನೀರು ಬಿದ್ದ ಮ್ಯಾಲ ಸೀರಿ ಖರೇ ಬಣ್ಣ ತಿಳಿತೈತಿ."

"ಹೊಸಾ ಟ್ಯಾಬಿಗೂ ಗಂಜಿ ಇರ್ತೈತ್ರಿ! ಬಿಡುಗಡೆ ದಿನದ ಜಾಹೀರಾತು, ಪುಕ್ಕಟೆ ಕವರು, ಎಲ್ಲಾ ಗಂಜಿ. ನಾಕು ಮಂದಿ ನಾಕು ತಿಂಗಳು ಬಳಸ್ಲಿ. ಬ್ಯಾಟ್ರಿ ತಡಿತೈತೋ ಇಲ್ಲೋ, ಕೆಟ್ರ ಬಾಗಲಕೋಟ್ಯಾಗ ರಿಪೇರಿ ಆಗ್ತೈತೋ ದೂರ ಕಳಸಬೇಕೋ, ಆವಾಗ ತಿಳಿತೈತಿ. ಹಳೇ ಮಾಡೆಲ್ಲಿನ ರೇಟೂ ಇಳಿದಿರ್ತೈತಿ."

"ಮತ್ತ ನಂಗ ಕಾಲೇಜಿಗೆ ಟ್ಯಾಬ್ ಬೇಕಲ್ಲ?" ಖುಶನುಮಾ ಮೆಲ್ಲಗೆ ಕೇಳಿದಳು.

"ನೀ ಒಂದು ವಾರ ಇಲ್ಲೇ ಬಂದು ಈ ಟ್ಯಾಬಿನ್ಯಾಗ ಓದು. ಅಷ್ಟಾದ ಮ್ಯಾಲೂ ಬೇಕು ಅನಿಸಿದ್ರ ಅಬ್ಬಾನ್ನ ಕೇಳು. ಬರೇ ರೀಲ್ಸ್ ನೋಡಿದ್ರ ನಾನ ಬಂದು ಚಾಡಿ ಹೇಳ್ತೇನಿ!"

ಖುಶನುಮಾ ನಾಲಿಗೆ ಕಚ್ಚಿಕೊಂಡಳು. ಚಾಚಾ ರೇಷ್ಮೆ ತರಲು ಹೊರಟೇಬಿಟ್ಟರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಹೊಸ ಟ್ಯಾಬಿನ ಜಾಹೀರಾತು ಬಂದಿರಬಹುದು. 'ಇವತ್ತೇ ಕೊನೆ' ಎಂದು ಯಾರಾದರೂ ಅವಸರ ಮಾಡಿದರೆ ನೀವು ಅವಸರ ಮಾಡಬೇಡಿ. ಯಾವ ಕೆಲಸಕ್ಕೆ ಬೇಕು ಎಂದು ಮೊದಲು ಮನೆಮಂದಿ ಕೂತು ಮಾತಾಡಿ. ಆ ಕೆಲಸ ಕೈಯಲ್ಲಿರುವ ಫೋನಿನಲ್ಲೇ ಆಗುತ್ತದೆಯೇ, ನೋಡಿ. ಲೈಬ್ರರಿಯಲ್ಲೋ ಗೆಳೆಯರ ಮನೆಯಲ್ಲೋ ಒಮ್ಮೆ ಬಳಸಿ ನೋಡಿ. ಕೊಳ್ಳಲೇಬೇಕೆಂದರೆ ಬಿಲ್ಲು, ವಾರಂಟಿ ಕೇಳಿ ಪಡೆಯಿರಿ. ಕೇಳುವುದಕ್ಕೆ ನಾಚಿಕೆ ಬೇಡ.

ಅಂದಹಾಗೆ, ನಮ್ಮ ಚಾಚಿ ಆ ಅಂಗಡಿಗೆ ಹೋಗುವುದನ್ನು ಬಿಟ್ಟಿಲ್ಲ. ಅವತ್ತು ಲೈಬ್ರರಿಯಿಂದ ಮನೆಗೆ ಬರುವಾಗ ಓಣಿಯ ನೇಕಾರ ಹೆಂಗಸರಿಗೆಲ್ಲ ಕೂಗಿ ಹೇಳಿದರು:

"ನಾಳೆ ಹನ್ನೊಂದಕ್ಕ ಎಲ್ಲಾರೂ ಟ್ಯಾಬ್ ಅಂಗಡಿ ಮುಂದ ಬರ್ರಿ! ಗಂಜಿ ಎಷ್ಟೈತಿ ಮುಟ್ಟಿ ನೋಡೂಣು. ರೊಕ್ಕ ಮಾತ್ರ ಮನ್ಯಾಗ ಬಿಟ್ಟು ಬರ್ರಿ!"