ತುಂಬಿದ್ದು ಮೇಲ್ಮುಖ, ಖಾಲಿಯಾದ್ದು ಕೆಳಮುಖ

ಮೂವತ್ತು ವರ್ಷ ಬಡಗಿ ಮೇಸ್ತ್ರಿಯ ಸಾಮಾನುಗಳೆಲ್ಲ ಎರಡು ಗೋಣಿಚೀಲಗಳಲ್ಲೇ ಸಂಸಾರ ಮಾಡಿದ್ದವು. ಒಂದರಲ್ಲಿ ಡ್ರಿಲ್ಲು, ಗ್ರೈಂಡರು, ಮರ ಕೊಯ್ಯುವ ಮೆಷಿನ್ನು. ಇನ್ನೊಂದರಲ್ಲಿ ಅವುಗಳ ಬಾಲಬಡುಕರು: ತೂತು ಕೊರೆಯುವ ಬಿಟ್ಟು, ಬ್ಲೇಡು, ಕೀಲಿ, ಉಪ್ಪುಕಾಗದ. ನೋಡಿದವರು ಗುಜರಿಯವನ ಚೀಲ ಅನ್ನಬೇಕು, ಹಾಗಿತ್ತು. ಆದರೆ ಮೇಸ್ತ್ರಿ ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ ಬಿಟ್ಟೇ ಬೆರಳಿಗೆ ಸಿಗುತ್ತಿತ್ತು. ಯಾರಾದರೂ ಆಡಿಕೊಂಡರೆ, "ಚೀಲ ನಂದು, ಕೈ ನಂದು, ನಿಮಗೇನು ಕಷ್ಟ?" ಅನ್ನುತ್ತಿದ್ದ.

ಒಂದು ದಿನ ಚೀಲದೊಳಗಿನ ಬ್ಲೇಡು ಗ್ರೈಂಡರಿನ ವೈರನ್ನೇ ಸಿಗಿದುಬಿಟ್ಟಿತ್ತು. ಪ್ಲಗ್ಗು ಹಾಕಿದ್ದೇ ತಡ, ಢಬ್ಬೆಂದು ಕಿಡಿ ಹಾರಿ ಮೇಸ್ತ್ರಿಯ ಅಂಗೈ ಸುಟ್ಟಿತು. ಅವನ ಹೆಂಡತಿ ಅಂಗೈಗೆ ಮುಲಾಮು ಹಚ್ಚಿ, ಬಟ್ಟೆ ಸುತ್ತಿ, ಆಮೇಲೆ ಚೀಲಗಳ ಕಡೆ ತಿರುಗಿ, "ಈ ಮನೇಲಿ ಒಂದೋ ಇವಿರಬೇಕು, ಇಲ್ಲ ನಾನಿರಬೇಕು" ಅಂದಳು. ಅವಳು ಹಾಗೆಲ್ಲ ಅನ್ನುವವಳಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನಿಟ್ಟುಕೊಂಡು, ತಾನಾಯಿತು ತನ್ನ ಕತ್ತರಿಯಾಯಿತು ಎಂದಿರುವ ದರ್ಜಿ ಹೆಂಗಸು.

ಸರಿಯಾಗಿ ಅದೇ ತಿಂಗಳು ಅವಳ ತಮ್ಮ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿಹೋಯಿತು. ನಲವತ್ತು ದಾಟಿದ ಆಳು, ಒಂಟಿ ಜೀವ, ಸೌಮ್ಯ ಸ್ವಭಾವ. ಭಾವನ ಹತ್ತಿರವೇ ಕೆಲಸಕ್ಕೆ ಸೇರಿಕೊಂಡ. ಬರುವಾಗ ಬರಿಗೈಯಲ್ಲಿ ಬರಲಿಲ್ಲ. ಕಾರ್ಖಾನೆಯವರು ಬೇಡವೆಂದು ಹೊರಗೆ ಹಾಕಿದ್ದ ಎಂಟು ಗಟ್ಟಿ ಕಪ್ಪು ಪೆಟ್ಟಿಗೆಗಳನ್ನು, ಒಂದು ಸುರುಳಿ ದಪ್ಪ ಫೋಮನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದ.

ಹೆಂಡತಿಗೆ ಅಷ್ಟು ಸಾಕಾಯಿತು. ಫೋಮನ್ನು ಮೇಜಿನ ಮೇಲೆ ಹಾಸಿ, ಡ್ರಿಲ್ಲನ್ನು ಮಗ್ಗುಲಾಗಿ ಮಲಗಿಸಿ, ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ಸುತ್ತ ಗೆರೆ ಎಳೆದು, ಚೂಪು ಬ್ಲೇಡಿನಲ್ಲಿ ಕೊಯ್ದಳು. ಒಂದೊಂದಕ್ಕೂ ಅಳತೆಯ ಅಂಗಿ ಹೊಲಿದಂತೆ ಜಾಗ. ಎತ್ತಲು ಪಕ್ಕದಲ್ಲಿ ಎರಡು ಬೆರಳು ಹೋಗುವಷ್ಟು ಸಂದು. ಬಿಟ್ಟುಗಳಿಗೇ ಒಂದು ಪೆಟ್ಟಿಗೆ, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ. ಡ್ರಿಲ್ಲಿನ ಪೆಟ್ಟಿಗೆಯಲ್ಲಿ, ಬಿಟ್ಟು ಕಚ್ಚುವ ಬಾಯಿಯನ್ನು ಬಿಗಿ ಮಾಡುವ ಚಿಕ್ಕ ಕೀಲಿಗೆ ಒಂದು ಸಂದು. ಬೇರೊಂದು ಪೆಟ್ಟಿಗೆಯಲ್ಲಿ ಬ್ಯಾಟರಿ ಸ್ಕ್ರೂ ಮೆಷಿನ್ನು, ಅದರ ನಾಲ್ಕು ಬ್ಯಾಟರಿಗಳಿಗೆ ನಾಲ್ಕು ಗೂಡು.

ಮೇಸ್ತ್ರಿ ಮುಚ್ಚಳ ತೆಗೆದು ನೋಡಿ, ಹಾಕಿ, ಮತ್ತೆ ತೆಗೆದು ನೋಡಿದ. "ಇವಳೇ, ಕೊನೇ ಪೆಟ್ಟಿಗೇಲಿ ನನಗೂ ಒಂದು ಜಾಗ ಕೊಯ್ದುಬಿಡು" ಅಂದ. ಆಮೇಲೆ ಅವಳಿಗೊಂದು ನಿಯಮ ಹೇಳಿಕೊಟ್ಟ. ಚಾರ್ಜ್ ತುಂಬಿದ ಬ್ಯಾಟರಿ ಮೇಲ್ಮುಖ, ಖಾಲಿಯಾದ್ದು ಕೆಳಮುಖ. ಸಂಜೆ ತಾನು ಹಾಗೆ ಇಡುವುದು, ಬೆಳಗ್ಗೆ ಅವಳು ಕೆಳಮುಖದ್ದನ್ನು ತೆಗೆದು ಚಾರ್ಜರಿಗೆ ಹಚ್ಚಿದರಾಯಿತು, ಮೇಲ್ಮುಖದ್ದು ತನ್ನ ಜೊತೆ ಕೆಲಸಕ್ಕೆ ಬರುತ್ತದೆ.

ಎರಡು ತಿಂಗಳು ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ನಡೆಯಿತು. ಮರ ಉಜ್ಜಿ, ಪಾಲಿಶು ಹೊಡೆದುಕೊಂಡಿದ್ದ ಭಾವಮೈದುನನಿಗೆ ಈಗ ಸಂಜೆ ಕೆಲಸದ ಕೋಣೆ ಗುಡಿಸಿ ಬಾಗಿಲು ಹಾಕುವ ಜವಾಬ್ದಾರಿಯೂ ಬಂತು. ಮೇಸ್ತ್ರಿಯ ತಲೆನೋವು ಶುರುವಾದದ್ದು ಆಗಲೇ. ಆದರೆ ಅದಕ್ಕೂ ಇದಕ್ಕೂ ನಂಟಿದೆಯೆಂದು ಅವನಿಗೆ ಹೊಳೆಯಬೇಕಲ್ಲ!

ಹಲ್ಲಿನ ಡಾಕ್ಟರಮ್ಮ ಒಬ್ಬರ ಹೊಸ ಕ್ಲಿನಿಕ್ಕಿನಲ್ಲಿ ಗೋಡೆಯುದ್ದಕ್ಕೂ ಡ್ರಾಯರುಗಳ ಕೆಲಸ. ಮೇಸ್ತ್ರಿ ಏಣಿ ಹತ್ತಿ, ಮೇಲ್ಮುಖವಿದ್ದ ಬ್ಯಾಟರಿಯನ್ನು ಮೆಷಿನ್ನಿಗೆ ಸಿಕ್ಕಿಸಿ, ಗುಂಡಿ ಒತ್ತಿದ. ಕುಂಯ್ ಅಂದು ಸುಮ್ಮನಾಯಿತು. ಇನ್ನೊಂದು ಹಾಕಿದ. ಅದಕ್ಕೆ ಕುಂಯ್ ಅನ್ನುವಷ್ಟೂ ಜೀವವಿಲ್ಲ. ನಿನ್ನೆ ಹಗಲು ಕರೆಂಟು ಹೋಗಿ, ಸಂಜೆ ಹಸಿರು ದೀಪ ಬರುವವರೆಗೆ ಚಾರ್ಜರಿನ ಮುಂದೆಯೇ ಕೂತಿದ್ದೆನಲ್ಲ? ಕೂತು ಕಾಲುಗುರು ಕತ್ತರಿಸಿಕೊಂಡೆನಲ್ಲ? ಉಗುರು ನೋಡಿಕೊಂಡ. ಕತ್ತರಿಸಿದ್ದು ನಿಜ. ಹಾಗಾದರೆ ಬ್ಯಾಟರಿ?

ಅವತ್ತು ನೂರಾರು ಸ್ಕ್ರೂಗಳನ್ನು ಕೈಯಲ್ಲೇ ತಿರುಗಿಸಿದ. ಸಂಜೆ ಮನೆಗೆ ಬಂದರೆ ತುಂಬಿದ ಎರಡು ಬ್ಯಾಟರಿ ಚಾರ್ಜರಿನ ಮೇಲೆ ಹಸಿರು ದೀಪ ಹೊತ್ತಿಸಿಕೊಂಡು ಕೂತಿದ್ದವು. ಮೇಸ್ತ್ರಿ ಕಕ್ಕಾಬಿಕ್ಕಿಯಾದ. ಉಲ್ಟಾ ಇಟ್ಟೆನೇ?

ಮರುದಿನ ಎಲ್ಲ ಸರಿಯಿತ್ತು. ಅದರಾಚೆ ದಿನ ಮತ್ತೆ ಕುಂಯ್. ಆಮೇಲೆ ಚಿಕ್ಕ ಕೀಲಿಯ ಸರದಿ. ಡ್ರಿಲ್ಲಿನ ಪೆಟ್ಟಿಗೆ ತೆಗೆದರೆ ಕೀಲಿಯ ಸಂದು ಖಾಲಿ. ಕ್ಲಿನಿಕ್ಕಿನ ನೆಲವೆಲ್ಲ ಮಂಡಿಯೂರಿ ತಡಕಾಡಿದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ, ಕಡೆಗೆ ಅದು ಬಿಟ್ಟುಗಳ ಪೆಟ್ಟಿಗೆಯಲ್ಲಿ ಸಿಕ್ಕಿತು. ನಾಳೆಯಿಂದ ಅಲ್ಲೇ ಹುಡುಕುತ್ತೇನೆ ಅಂದುಕೊಂಡ. ಮರುದಿನ ಅದು ಹಳೆಯ ಸಂದಿನಲ್ಲಿತ್ತು. ಇನ್ನೊಂದು ದಿನ ಮರ ಹೆರೆಯುವ ರಂದಾ ಮೆಷಿನ್ನಿನ ಪೆಟ್ಟಿಗೆ ತೆಗೆದರೆ ರಂದಾ ಇಲ್ಲ! ಅದರ ಜಾಗದಲ್ಲಿ ಅವನ ಕನ್ನಡಕದ ಡಬ್ಬಿ ಅಂಗಾತ ಮಲಗಿತ್ತು. ರಂದಾ ಮನೆಯಲ್ಲಿ, ಕೆಲಸದ ಮೇಜಿನ ಮೇಲೆಯೇ ಉಳಿದಿತ್ತು.

ಮೇಸ್ತ್ರಿಯ ಅಪ್ಪನಿಗೂ ಹೀಗೇ ಶುರುವಾಗಿತ್ತು. ಮೊದಲು ಚಪ್ಪಲಿ ಎಲ್ಲಿಟ್ಟೆ ಎಂದು ಮರೆತ, ಆಮೇಲೆ ಮನೆ ಎಲ್ಲಿದೆ ಎಂದು, ಕೊನೆಗೆ ಮಗನ ಮುಖ ನೋಡಿ "ಯಾರಪ್ಪಾ ನೀನು, ಒಳ್ಳೆಯವನ ಹಾಗೆ ಕಾಣ್ತೀಯ" ಅಂದಿದ್ದ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಎತ್ತಿದರೆ ಮೇಸ್ತ್ರಿ ಉರಿದುಬೀಳುತ್ತಿದ್ದ.

ಹಲ್ಲಿನ ಡಾಕ್ಟರು ಹೊಸ ಡ್ರಾಯರುಗಳನ್ನು ಎಳೆದು ನೋಡುತ್ತಿದ್ದಾಗ ಮೇಸ್ತ್ರಿ ಮೆಲ್ಲಗೆ ಕೇಳಿದ, "ಡಾಕ್ಟ್ರೇ, ನಮ್ಮವರೊಬ್ರಿಗೆ... ಇಟ್ಟಿದ್ದು ಒಂದು ಕಡೆ, ಸಿಗೋದು ಒಂದು ಕಡೆ. ಅದಕ್ಕೇನು ಮಾಡ್ಬೇಕು?"

"ಎಷ್ಟು ವಯಸ್ಸು ಅವರಿಗೆ?"

"ನನ್ನಷ್ಟೇ. ಐವತ್ತೆಂಟು."

ಡಾಕ್ಟರಮ್ಮ ಅವನ ಮುಖವನ್ನೇ ಒಂದು ಗಳಿಗೆ ನೋಡಿದರು. "ನಂದು ಹಲ್ಲಿನ ಮಟ್ಟಕ್ಕೆ ಮೇಸ್ತ್ರಿ, ಅದಕ್ಕಿಂತ ಮೇಲೆ ಹೋಗಲ್ಲ. ನನಗೆ ಗೊತ್ತಿರೋ ನರದ ಡಾಕ್ಟರಿದಾರೆ, ಚೀಟಿ ಬರ್ಕೊಡ್ತೀನಿ. 'ನಮ್ಮವರೊಬ್ರನ್ನ' ಕರ್ಕೊಂಡ್ಹೋಗಿ."

ಚೀಟಿ ಜೇಬಿಗೆ ಬಿತ್ತು. ಹೋಗಲು ಧೈರ್ಯ ಬರಲಿಲ್ಲ. ಮನೆಯಲ್ಲಿ ಈಗ ಹೆಂಡತಿ ಬೇಡದ್ದಕ್ಕೆಲ್ಲ ಮೆತ್ತಗೆ ಮಾತಾಡುತ್ತಿದ್ದಳು. ಭಾವಮೈದುನ ಎದುರು ಸಿಕ್ಕಾಗೆಲ್ಲ ನೆಲ ನೋಡುತ್ತಿದ್ದ. ಇವರಿಗೂ ಗೊತ್ತಾಗಿಹೋಗಿದೆಯೇ? ಗೊತ್ತಾಗಿದ್ದರೆ ಯಾಕೆ ಹೇಳುತ್ತಿಲ್ಲ? ಒಂದು ದಿನ ಪರೀಕ್ಷೆ ಮಾಡಿಯೇ ಬಿಡೋಣವೆಂದು ತುಂಬಿದ ಬ್ಯಾಟರಿಗಳ ಬೆನ್ನಿಗೆ ಸುಣ್ಣದಲ್ಲಿ ಅಡ್ಡಗೆರೆ ಎಳೆದ. ಬೆಳಗ್ಗೆ ನೋಡಿದರೆ ಯಾವುದರ ಮೇಲೂ ಗೆರೆಯಿಲ್ಲ, ನಾಲ್ಕೂ ತಿಕ್ಕಿ ತೊಳೆದ ತಟ್ಟೆಯಂತೆ ಫಳಫಳ. ಗೆರೆ ಎಳೆದದ್ದು ನಿಜವೋ, ಎಳೆಯಬೇಕೆಂದುಕೊಂಡದ್ದೇ ಎಳೆದಂತಾಯಿತೋ, ಅವನಿಗೇ ತಿಳಿಯಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಪ್ಲೈವುಡ್ ತರಲು ಹೋದವನು, ಅಂಗಡಿ ಮುಚ್ಚಿದ್ದರಿಂದ ಬೇಗನೆ ಹಿಂದಿರುಗಿದ. ಕೆಲಸದ ಕೋಣೆಯ ಕಿಟಕಿ ದಾಟುವಾಗ ಒಳಗೆ ಭಾವಮೈದುನ ಕಾಣಿಸಿದ. ಪೆಟ್ಟಿಗೆ ತೆರೆದಿದೆ. ಒಂದೊಂದೇ ಬ್ಯಾಟರಿ ಎತ್ತಿ, ಅದರ ಪುಟ್ಟ ಗುಂಡಿ ಒತ್ತಿ ದೀಪ ನೋಡಿ, ತಲೆಯಾಡಿಸಿ, ಮಗುಚಿ ಇಡುತ್ತಿದ್ದಾನೆ. ಮೇಲ್ಮುಖದ್ದು ಕೆಳಮುಖ, ಕೆಳಮುಖದ್ದು ಮೇಲ್ಮುಖ. ಆಮೇಲೆ ಚಿಕ್ಕ ಕೀಲಿಯನ್ನು ಎತ್ತಿ ಬಿಟ್ಟುಗಳ ಪೆಟ್ಟಿಗೆಗೆ ಸೇರಿಸಿದ.

ಇವನಿಗೆ ನನ್ನ ಮೇಲೆ ಯಾವ ಹಗೆ? ಅಥವಾ ನಾನು ತಪ್ಪು ಇಟ್ಟದ್ದನ್ನು ಸರಿ ಮಾಡುತ್ತಿದ್ದಾನೋ? ಮೇಸ್ತ್ರಿ ಹಿಂದೆ ಸರಿದು ನೇರ ಹೆಂಡತಿಯಿದ್ದ ಮುಂದಿನ ಕೋಣೆಗೆ ಹೋದ.

"ನಿನ್ನ ತಮ್ಮ ನನ್ನ ಬ್ಯಾಟರಿ ಎಲ್ಲಾ ಮಗುಚಿ ಇಡ್ತಿದಾನೆ ಕಣೇ."

ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. "ಅವನಾ? ನೀವಲ್ವಾ?"

"ನಾನ್ಯಾಕೆ ಮಗುಚಲಿ?"

"ಹಂಗಾದ್ರೆ ನಾನು ದಿನಾ ಬೆಳಗ್ಗೆ ಸರಿ ಮಾಡ್ತಿರೋದು ಯಾರ ತಪ್ಪನ್ನ?"

"ಏನು, ನೀನೂ ಸರಿ ಮಾಡ್ತಿದೀಯಾ?"

ಇಬ್ಬರೂ ಕಣ್ಣು ಕಣ್ಣು ಬಿಟ್ಟರು. ಆಮೇಲೆ ಅವಳು ಎದ್ದು ಬಾಗಿಲಲ್ಲಿ ನಿಂತು, "ತಮ್ಮಾ, ಬಾ ಇಲ್ಲಿ" ಎಂದು ಕೂಗಿದಳು. ಚಿಕ್ಕಂದಿನಲ್ಲಿ ಅವನು ಸಕ್ಕರೆ ಕದ್ದು ಸಿಕ್ಕಿಬಿದ್ದಾಗ ಕೂಗುತ್ತಿದ್ದ ದನಿ ಅದು. ಅವನು ಕೈಯೊರೆಸಿಕೊಳ್ಳುತ್ತ ಬಂದ.

ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟುಕೊಂಡು ಮೂವರೂ ಕೂತರು. ಮೊದಲು ಬಾಯಿ ಬಿಟ್ಟವನು ಭಾವಮೈದುನ. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಅವನು ಕಲಿತದ್ದೇ ಬೇರೆ. ತುಂಬಿದ ಬ್ಯಾಟರಿ ಕೆಳಮುಖ ಇರಬೇಕು, ಇಲ್ಲದಿದ್ದರೆ ಕರೆಂಟು ಹರಿಯುವ ತಗಡಿಗೆ ಧೂಳು ಕೂರುತ್ತದೆ. ಕೀಲಿ ಇರಬೇಕಾದ್ದು ಬಿಟ್ಟಿನ ಜೊತೆ. "ಎಲ್ಲಾ ಉಲ್ಟಾ ಇರೋದು ನೋಡ್ದೆ ಭಾವ. ನಿಮಗೆ ಮರೆವು ಅಂದ್ಕೊಂಡೆ. ನಿಮ್ಮಪ್ಪನ ವಿಷಯ ಅಕ್ಕ ಹೇಳಿದ್ಲು. ನಿಮ್ಮ ಮುಂದೆ ಅದನ್ನ ಹೇಳೋಕಾಗತ್ತಾ? ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಸುಮ್ನೆ ನಾನೇ ಸರಿ ಮಾಡ್ತಿದ್ದೆ."

ಹೆಂಡತಿ ಹೇಳಿದಳು. ಕೆಳಮುಖದ ಬ್ಯಾಟರಿ ಚಾರ್ಜರಿಗೆ ಹಚ್ಚಿದ ನಿಮಿಷಕ್ಕೇ ಹಸಿರು ದೀಪ ಬಂದಾಗ ಅವಳಿಗೆ ದಿಗಿಲಾಗಿತ್ತು, ಹೇಳಿಕೊಟ್ಟ ನಿಯಮವನ್ನೇ ಇವರು ಮರೆತರಲ್ಲ ಎಂದು. ಅಲ್ಲಿಂದಾಚೆಗೆ ದಿನಾ ಬೆಳಗ್ಗೆ ಒಂದೊಂದನ್ನೂ ಚಾರ್ಜರಿಗಿಟ್ಟು ನೋಡಿ ಸರಿ ಮಾಡುತ್ತಿದ್ದಳು, ಕೀಲಿಯನ್ನು ಅದರ ಸಂದಿಗೆ ಸೇರಿಸುತ್ತಿದ್ದಳು. ಅವಸರದ ಹೊಲಿಗೆಯಿದ್ದ ದಿನ ಮಾತ್ರ ಆಗುತ್ತಿರಲಿಲ್ಲ.

"ಆ ಸುಣ್ಣದ ಗೆರೆ?"

"ಅದು ಗುರುತಾ? ಕೊಳೆ ಅಂತ ಒರೆಸಿಬಿಟ್ಟೆ."

ಮೇಸ್ತ್ರಿಗೆ ನಗಬೇಕೋ ಬಯ್ಯಬೇಕೋ ತೋಚಲಿಲ್ಲ. "ಅಲ್ರೋ, ನನ್ನ ತಲೆ ನೆಟ್ಟಗಿತ್ತು. ಇಬ್ಬರೂ ಸೇರಿ ಸರಿ ಮಾಡಿ ಮಾಡಿ ಕೆಡಿಸಿದ್ರಲ್ಲೋ!" ಅಂದ. ಆಗ ಹೆಂಡತಿ ನಕ್ಕಳು, ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾವಮೈದುನನೂ ನಕ್ಕ.

"ಮತ್ತೆ ರಂದಾ ಜಾಗದಲ್ಲಿ ನನ್ನ ಕನ್ನಡಕದ ಡಬ್ಬಿ ಇಟ್ಟಿದ್ದು ಯಾರು?"

ಅಕ್ಕ ತಮ್ಮನನ್ನು ನೋಡಿದಳು. ತಮ್ಮ ಅಕ್ಕನನ್ನು ನೋಡಿದ.

"ನಾನಲ್ಲ ಭಾವ."

"ನನಗೆ ಗೊತ್ತೇ ಇಲ್ಲ ಕಣ್ರೀ."

ನಗು ಅಲ್ಲಿಗೇ ನಿಂತಿತು. ಮೇಸ್ತ್ರಿ ತೆರೆದಿದ್ದ ಪೆಟ್ಟಿಗೆಯ ಮುಚ್ಚಳ ಹಾಕಿದ. "ಹಂಗಾದ್ರೆ ಅದೊಂದು ನಂದೇ" ಅಂದು, ಜೇಬಿನಿಂದ ಡಾಕ್ಟರ ಚೀಟಿ ತೆಗೆದು ಹೆಂಡತಿಯ ಮುಂದಿಟ್ಟ.

ಸೋಮವಾರ ಮೂವರೂ ಹೋದರು. ನರದ ಡಾಕ್ಟರು ತರುಣ. ಐದು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದ. ನಡುವೆ ಬೇರೇನೇನೋ ಕೇಳಿದ, ನೂರರಿಂದ ಏಳೇಳು ಕಳೆಯಲು ಹೇಳಿದ, ಗಡಿಯಾರ ಬರೆಸಿದ. ಆಮೇಲೆ "ಆ ಐದು ಪದ ಈಗ ಹೇಳಿ" ಅಂದ. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಹೆಂಡತಿ ತುಟಿಯಲ್ಲೇ ಒಂದು ಪದ ಆಡಿ ತೋರಿಸಿದಳು. ಭಾವಮೈದುನ ಕೆಮ್ಮುವವನಂತೆ ಇನ್ನೊಂದನ್ನು ಉಸುರಿದ. ಡಾಕ್ಟರು ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದ.

ಕುರ್ಚಿ ಮೊದಲು ಬಂತು, ಬಡಗಿಯಲ್ಲವೇ. ಗುಂಡಿ ಬಂತು, ದರ್ಜಿಯ ಗಂಡನಲ್ಲವೇ. ಮೀನು ಬಂತು. ತಡವರಿಸಿ ತಡವರಿಸಿ ನದಿಯೂ ಬಂತು. ಆಮೇಲೆ ಎಷ್ಟು ತಡಕಿದರೂ ಕೈಗೆ ಏನೂ ಸಿಗಲಿಲ್ಲ. ಸಾಕು ಬಿಡಿ, ಈ ವಯಸ್ಸಿಗೆ ನಾಲ್ಕು ಬಂದರೆ ಚೆನ್ನಾಗೇ ಇದೆ, ವರ್ಷ ಬಿಟ್ಟು ಮತ್ತೊಮ್ಮೆ ಬನ್ನಿ, ನಿದ್ದೆ ಸರಿಯಾಗಿ ಮಾಡಿ, ಅಂದ ಡಾಕ್ಟರು.

ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದ ಇಬ್ಬರೂ ಒಟ್ಟಿಗೆ ಎದ್ದರು. "ಏನಂದ್ರು?"

"ಐದಕ್ಕೆ ನಾಲ್ಕು."

"ಮರೆತದ್ದು ಯಾವುದು?" ಹೆಂಡತಿ ಕೇಳಿದಳು.

"ಯಾವುದು ಅಂತ ಗೊತ್ತಿದ್ರೆ ಮರೀತಿದ್ನೇನೆ?" ಅಂದ ಮೇಸ್ತ್ರಿ. ಅವಳು ಹೇಳಲು ಬಾಯಿ ತೆರೆದವಳು, ಅವನ ಮುಖ ನೋಡಿ ಸುಮ್ಮನಾದಳು. ಮೂವರೂ ಮೆಟ್ಟಿಲಿಳಿದು ಬಸ್ಸಿನ ಕಡೆ ನಡೆದರು.